ಮರೆವು ಅಂತ ನಕ್ಕು ಸುಮ್ಮನಾಗಬೇಡಿ

ಹಾಲು ಒಲೆ ಮೇಲಿಟ್ಟು ಮರೆತಿರಿ. ಬೀರುವಿನ ಕೀಲಿಕೈ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕಿದಿರಿ. ‘ಅಮ್ಮನಿಗೆ ಅರಳುಮರಳು ಶುರುವಾಯ್ತು’ ಅಂತ ಮಕ್ಕಳು ನಕ್ಕರು. ನೀವೂ ನಕ್ಕಿರಿ. ಆದರೆ ಒಳಗೊಳಗೇ ಭಯ, ಅಲ್ವಾ?

ನಲವತ್ತೈದರ ಆಸುಪಾಸಿನಲ್ಲಿ, ಮುಟ್ಟು ಏರುಪೇರಾಗುವ ಹೊತ್ತಿಗೆ ಎಷ್ಟೋ ಗೃಹಿಣಿಯರಿಗೆ ಹೀಗಾಗುತ್ತದೆ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜೆನ್ ಹಾರ್ಮೋನಿನ ಏರಿಳಿತ ಇದಕ್ಕೆ ಒಂದು ಕಾರಣ. ಈ ಹಾರ್ಮೋನು ಬರೀ ಬಸಿರು, ಬಾಣಂತನಕ್ಕೆ ಅಂದುಕೊಂಡಿದ್ದರೆ ತಪ್ಪು. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳಲು, ಸಕ್ಕರೆಯಂಶವನ್ನು ಶಕ್ತಿಯಾಗಿ ಬಳಸಲು, ರಕ್ತ ಸರಾಗವಾಗಿ ಹರಿಯಲು ಅದು ನೆರವಾಗುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಅದು ಕಡಿಮೆಯಾದಂತೆ ಮಿದುಳೂ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಈ ವಯಸ್ಸಿನ ಸಣ್ಣಪುಟ್ಟ ಮರೆವು ಸಾಮಾನ್ಯವಾಗಿ ಡಿಮೆನ್ಷಿಯಾ ಅಲ್ಲ.

ಆದರೆ ಹಾರ್ಮೋನು ಒಮ್ಮೆಲೇ ನಿಂತುಹೋದರೆ? ಗರ್ಭಕೋಶದ ಆಪರೇಷನ್ ಆಗುವಾಗ ‘ಹೇಗೂ ಮಕ್ಕಳಾಗಿವೆಯಲ್ಲ’ ಅಂತ ಅಂಡಾಶಯವನ್ನೂ ತೆಗೆಸಿಕೊಳ್ಳುವವರಿದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ನೆನಪು, ಯೋಚನಾಶಕ್ತಿ ಕುಂದುವ ಅಪಾಯ ಹೆಚ್ಚಿತ್ತು. ಆಪರೇಷನ್ ಆದಾಗ ವಯಸ್ಸು ಚಿಕ್ಕದಿದ್ದಷ್ಟೂ ಅಪಾಯ ಜಾಸ್ತಿ. ಹಾಗಾಗಿ ಸಹಿ ಹಾಕುವ ಮುಂಚೆ ‘ಅಂಡಾಶಯ ಉಳಿಸಬಹುದಾ ಡಾಕ್ಟ್ರೇ?’ ಅಂತ ಬಾಯಿಬಿಟ್ಟು ಕೇಳಿ. ಕ್ಯಾನ್ಸರ್‌ನಂಥ ಕಾರಣವಿದ್ದರೆ ಮಾತು ಬೇರೆ. ತೆಗೆಯಲೇಬೇಕು ಅಂದರೆ, ಆಮೇಲೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದಾ ಅಂತಲೂ ಕೇಳಿ.

ಹಾಗಂತ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ನುಂಗಬೇಡಿ. 65 ವರ್ಷ ಮೇಲ್ಪಟ್ಟ ಸುಮಾರು ನಾಲ್ಕೂವರೆ ಸಾವಿರ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2003ರಲ್ಲಿ ಹೊರಬಂತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ 40 ಮಂದಿಗೆ ಡಿಮೆನ್ಷಿಯಾ ಬಂದಿತ್ತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 21 ಮಂದಿಗೆ. ಸರಿಯಾದ ವಯಸ್ಸಿನಲ್ಲಿ ಕಾಯುವ ಹಾರ್ಮೋನು, ವಯಸ್ಸು ಮೀರಿದ ಮೇಲೆ ಕೊಟ್ಟರೆ ಕಾಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಮರೆವು ಕಾಡುತ್ತಿದ್ದರೆ ಮೊದಲು ಥೈರಾಯ್ಡ್, ಬಿ12, ಬಿ.ಪಿ., ಶುಗರ್ ಪರೀಕ್ಷೆ ಮಾಡಿಸಿ. ಇವುಗಳಲ್ಲಿ ಏರುಪೇರಾದರೂ ಮರೆವು ಬರುತ್ತದೆ, ಇವೆಲ್ಲಕ್ಕೂ ಚಿಕಿತ್ಸೆಯಿದೆ. ದಿನಾ ಅರ್ಧ ಗಂಟೆ ನಡೆಯಿರಿ, ನಿದ್ದೆ ಕೆಡಿಸಿಕೊಳ್ಳಬೇಡಿ.

ಸಾರಿಗೆ ಉಪ್ಪು ಮರೆತರೆ ಮನೆಯವರೆಲ್ಲ ತಕ್ಷಣ ಹೇಳ್ತಾರೆ. ಯಾಕೆ ಮರೆತಿರಿ ಅಂತ ವಿಚಾರಿಸಬೇಕಾದವರು ಮಾತ್ರ ನೀವೇ.