ಬೇಲಿಯೇ ಹೊಲ ಮೇಯ್ದರೆ?

ದೊಡ್ಡ ಕಚೇರಿಗಳ ಬಾಗಿಲಲ್ಲಿ ವಾಚ್‌ಮನ್ ಇರುತ್ತಾನೆ. ಬಂದವರ ಹೆಸರು, ಹೋದವರ ಹೊತ್ತು ಬರೆದುಕೊಳ್ಳುತ್ತಾನೆ. ಆದರೆ ಒಳಗೆ ಮೇಜಿನ ಮೇಲಿರುವ ಕಂಪ್ಯೂಟರಿನೊಳಕ್ಕೆ ಯಾರ್ಯಾರು ಬಂದು ಸೇರಿಕೊಂಡರು ಅನ್ನೋ ಲೆಕ್ಕ ಎಷ್ಟು ಕಡೆ ಇದೆ? ಕೇಳಿದರೆ ಸಾಹೇಬರು ಗುಮಾಸ್ತರ ಮುಖ ನೋಡುತ್ತಾರೆ, ಗುಮಾಸ್ತರು ಸೂರು ನೋಡುತ್ತಾರೆ.

ಮಾತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳದ್ದು. ಇಂಟರ್‌ನೆಟ್ ನೋಡುವ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಿಗೆ ಆಮೇಲೆ ಅಂಟಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್‌ಗಳು ಇವು. ಜಾಹೀರಾತು ತಡೆಯೋಕೆ ಒಂದು, ಪಿಡಿಎಫ್ ಜೋಡಿಸೋಕೆ ಒಂದು, ಅನುವಾದಕ್ಕೆ ಮತ್ತೊಂದು. ಬಹಳಷ್ಟು ಬಿಟ್ಟಿ ಸಿಗುತ್ತವೆ. ಗುಂಡಿ ಒತ್ತಿದರೆ ಬಂದು ಕೂರುತ್ತವೆ. ಕೂರುವ ಮೊದಲು ಎಷ್ಟೋ ಎಕ್ಸ್‌ಟೆನ್ಷನ್‌ಗಳು ಕೇಳುವ ಅನುಮತಿ ಏನು ಗೊತ್ತೆ? ಎಲ್ಲ ವೆಬ್‌ಸೈಟುಗಳಲ್ಲಿರುವ ಮಾಹಿತಿಯನ್ನು ಓದುವುದು, ಬದಲಾಯಿಸುವುದು! ಬೀಗದ ಕೈಗೊಂಚಲನ್ನೇ ಕೊಟ್ಟಂತಾಯಿತು.

"ಒಳ್ಳೆ ಕಂಪನಿಯದ್ದು ಹಾಕಿಕೊಂಡರೆ ಆಯ್ತಪ್ಪ" ಎನ್ನುವವರು 2024ರ ಡಿಸೆಂಬರ್ ನೆನೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಸೈಬರ್‌ಹೇವನ್ ಕಂಪನಿಯ ದಂಧೆಯೇ ಬೇರೆ ಕಂಪನಿಗಳ ಗುಟ್ಟು ಹೊರಹೋಗದಂತೆ ಕಾಯುವುದು. ಕ್ರಿಸ್‌ಮಸ್ ಹಿಂದಿನ ದಿನ ಅದರ ನೌಕರರೊಬ್ಬರಿಗೆ ಗೂಗಲ್‌ನವರೇ ಕಳಿಸಿದಂತಿದ್ದ ಈಮೇಲ್ ಬಂತು. ನಿಯಮ ಮುರಿದಿದ್ದೀರಿ, ಎಕ್ಸ್‌ಟೆನ್ಷನ್ ಕಿತ್ತುಹಾಕುತ್ತೇವೆ ಎಂಬ ಬೆದರಿಕೆ. ಅಲ್ಲಿ ಒತ್ತಿದ ಒಂದು ಒಪ್ಪಿಗೆ ಸಾಕಾಯಿತು. ಕಳ್ಳರು ಕಂಪನಿಯ ಹೆಸರಲ್ಲೇ ವಿಷ ಬೆರೆಸಿದ ಹೊಸ ಆವೃತ್ತಿ ಏರಿಸಿದರು. ಸುಮಾರು 4 ಲಕ್ಷ ಜನ ಬಳಸುತ್ತಿದ್ದ ಎಕ್ಸ್‌ಟೆನ್ಷನ್ ಅದು. ಯಾರನ್ನೂ ಕೇಳದೆ ಅಪ್‌ಡೇಟ್ ಆಗಿ ಕಂಪ್ಯೂಟರ್‌ಗಳಿಗೆ ಇಳಿಯಿತು. ಒಂದು ದಿನ ಹಾಗೇ ಇತ್ತು. ಲಾಗಿನ್ ಆದವರ ಗುರುತು ಕದಿಯುವುದು ಅದರ ಕೆಲಸ. ಆ ಗುರುತು ಸಿಕ್ಕರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅದಕ್ಕೂ ಮುಂಚಿನದು ಗ್ರೇಟ್ ಸಸ್ಪೆಂಡರ್ ಕತೆ. ಲಕ್ಷಾಂತರ ಜನ ಮೆಚ್ಚಿದ್ದ ಎಕ್ಸ್‌ಟೆನ್ಷನ್. 2020ರಲ್ಲಿ ಬರೆದವರು ಮಾರಿದರು. 2021ರ ಫೆಬ್ರವರಿಯಲ್ಲಿ ಅಪಾಯಕಾರಿ ಎಂದು ಗೂಗಲ್ ತೆಗೆದುಹಾಕಿತು. ಅಂಗಡಿ ಬೋರ್ಡು ಅದೇ, ಗಲ್ಲಾದಲ್ಲಿ ಕೂತವನು ಬೇರೆ!

ದೂರದ ಕತೆ ಅಂತ ಜಿಲ್ಲೆಯ ಕಚೇರಿಗಳು, ಬ್ಯಾಂಕುಗಳು ಸುಮ್ಮನಿರುವಂತಿಲ್ಲ. ಪಹಣಿ, ಜಿಎಸ್‌ಟಿ, ಪಿಂಚಣಿ ಅರ್ಜಿ ಈಗ ಬ್ರೌಸರಿನಲ್ಲೇ ತೆರೆಯುತ್ತವೆ. ಕೌಂಟರಿನ ಈಚೆ ನಿಂತ ಅಂಗಡಿಯವನಿಗೆ ಆಚೆಯ ಕಂಪ್ಯೂಟರಿನಲ್ಲಿ ಯಾವ ನೆಂಟ ಕೂತಿದ್ದಾನೆಂದು ಕಾಣದು. ಹೋದರೆ ಹೋಗುವುದು ಅವನ ಕಾಗದ.

ಇದಕ್ಕೆ ಗುಮಾಸ್ತರನ್ನು ಬೈದು ಸುತ್ತೋಲೆ ಹೊರಡಿಸಿದರೆ ಆಗದು. 500 ಕಂಪ್ಯೂಟರ್ ಇರುವ ಕಡೆ 500 ಜನರ ಎಚ್ಚರವನ್ನೇ ನಂಬಿ ಕೂರುವುದು ಆಡಳಿತವಲ್ಲ. ಬೀಗ ಮೇಲಿನವರ ಕೈಯಲ್ಲಿರಬೇಕು. ಎಲ್ಲವನ್ನೂ ತಡೆದು, ಪಟ್ಟಿಯಲ್ಲಿದ್ದದ್ದನ್ನು ಮಾತ್ರ ಬಿಡುವ ವ್ಯವಸ್ಥೆ ಕ್ರೋಮ್‌ನಲ್ಲೇ ಇದೆ. ಬೇರೆ ದುಡ್ಡು ಕೊಡಬೇಕಿಲ್ಲ. ಇಂಥ ವೆಬ್‌ಸೈಟನ್ನು ಎಕ್ಸ್‌ಟೆನ್ಷನ್‌ಗಳು ಮುಟ್ಟಕೂಡದು ಎಂದೂ ಕಟ್ಟು ಹಾಕಬಹುದು.

ಪಟ್ಟಿ ಮಾಡಿದರಷ್ಟೇ ಸಾಲದು. ಸೈಬರ್‌ಹೇವನ್‌ನದೂ ಕಂಪನಿಗಳು ನಂಬಿ ಹಾಕಿಕೊಂಡದ್ದೇ ತಾನೆ? ಕಂಡಕ್ಟರ್ ಟಿಕೆಟ್ ಕೊಟ್ಟಿದ್ದರೂ ನಡುದಾರಿಯಲ್ಲಿ ಚೆಕಿಂಗ್‌ನವರು ಬಸ್ಸು ಹತ್ತುವುದಿಲ್ಲವೆ? ಹಾಗೆ ಪಟ್ಟಿ ಚಿಕ್ಕದಿರಲಿ. ಒಂದೊಂದಕ್ಕೂ ಜವಾಬ್ದಾರರೊಬ್ಬರ ಹೆಸರಿರಲಿ. ಮಾಲೀಕ ಬದಲಾದನೆ, ಹೆಚ್ಚಿನ ಅನುಮತಿ ಕೇಳಿತೆ ಎಂದು ಮೂರು ತಿಂಗಳಿಗೊಮ್ಮೆ ನೋಡಲಿ. ಬೇಡದ್ದನ್ನು ಕಿತ್ತೊಗೆಯಲಿ.

ಬೀಗ ಹಾಕಿ ಕೈತೊಳೆದುಕೊಂಡರೂ ಕೆಟ್ಟಿತು. ಪಿಡಿಎಫ್ ಜೋಡಿಸಲು ದಾರಿಯಿಲ್ಲದ ಗುಮಾಸ್ತ ಜನರ ಕಡತವನ್ನು ಸ್ವಂತ ಮೊಬೈಲಿಗೆ ಹಾಕಿಕೊಂಡು ಕೆಲಸ ಮುಗಿಸುತ್ತಾನೆ. ಅದು ಇನ್ನೂ ಅಪಾಯ. "ಇದು ಬೇಕಿತ್ತು ಸಾರ್" ಎಂದವನಿಗೆ ಎರಡು ದಿನದಲ್ಲಿ ಆಗುತ್ತೋ ಇಲ್ಲವೋ ಹೇಳುವವರಿರಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಯಾವ ಕಂಪ್ಯೂಟರಿನಲ್ಲಿ ಏನೇನು ಕೂತಿದೆ ಎಂಬ ಲೆಕ್ಕವನ್ನಾದರೂ ಸಾಹೇಬರು ಈ ವಾರವೇ ತೆಗೆಸಲಿ.