ಒಂದು ದಿನ ನಮ್ಮ ತಾಟಿಗೂ ಬೇರೆಯವರು ಬಡಿಸಲಿ

"ಏನ್ರೀ, ನಾಳಿ ಬಬಲ್ ಟೀ ಕುಡಿಯಾಕ ಹೋಗೂಣೇನು?"

ಪಕ್ಕದ ಮನೆ ಅಕ್ಕ ಕಾಂಪೌಂಡ್ ಗೋಡೆ ಮೇಲಿಂದ ಹೀಗೆ ಕೇಳಿದಾಗ ನಾನು ಶೇಂಗಾ ಚಟ್ನಿಪುಡಿ ಮಾಡುತ್ತಿದ್ದೆ. "ಅದೇನ್ರೀ, ಸೋಪಿನ ನೊರೀನಾ?" ಎಂದು ನಕ್ಕೆ. ಅಕ್ಕನಿಗೂ ಗೊತ್ತಿರಲಿಲ್ಲ. ಅವರ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ಕುಡಿದು ಬಂದಿದ್ದಳಂತೆ. ಅಲ್ಲೇ ಹತ್ತಿರ ಜಪಾನಿ ತಿನಿಸೂ ಸಿಗುತ್ತದೆಯಂತೆ. "ಮಕ್ಕಳು ಹೋಗಿ ತಿಂದು ಬರ್ತಾವು. ನಾವ್ಯಾಕ ಹೋಗಬಾರ್ದು?" ಎಂದರು ಅಕ್ಕ. ನಿಜವೇ, ಯಾಕೆ ಹೋಗಬಾರದು?

ಮರುದಿನ ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದ ಅಡುಗೆ ಮುಗಿಸಿ, ರೊಟ್ಟಿ ಪಲ್ಯ ಮುಚ್ಚಿಟ್ಟು, ಚಲೋ ಸೀರೆ ಉಟ್ಟು ಹೊರಟೆ. ಬಾಗಿಲಲ್ಲಿ ಕುಳಿತಿದ್ದ ಅತ್ತೆ ಕೇಳಿದರು, "ಎಲ್ಲಿಗೆ ಹೊಂಟೀಯವಾ?"

"ಬ್ಯಾಂಕಿಗೆ" ಎಂದೆ.

ಬಾಯಿಂದ ಅದು ಹೇಗೆ ಬಂತೋ ನನಗೇ ತಿಳಿಯಲಿಲ್ಲ. ನಾನೇನು ಕಳವು ಮಾಡಲು ಹೊರಟಿರಲಿಲ್ಲ. ಆದರೂ ಸುಳ್ಳು ಹೇಳಿದೆ. ಗೆಳತಿಯರೇ, ಎದೆ ಮುಟ್ಟಿಕೊಂಡು ಹೇಳಿ, ನೀವು ಇಂಥ ಸುಳ್ಳು ಹೇಳಿಲ್ಲವೇ?

ಇಂಡಿ ಪಂಪ್ ಹತ್ತಿರ ಬಸ್ಸು ಹತ್ತಿದೆವು. ನಾವು ಮೂವರು: ನಾನು, ಅಕ್ಕ, ಮತ್ತೆ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ನಮ್ಮ ಗೆಳತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸಾದಾ ಬಸ್ಸುಗಳಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ. ಬಸ್ಸಿನ ತುಂಬ ಹೆಂಗಸರು. ಮಾತಿಗೆ ಮಾತು ಬಂದು ವಿಚಾರಿಸಿದರೆ ಒಬ್ಬರು ದವಾಖಾನೆಗೆ, ಒಬ್ಬರು ಸಿದ್ಧಾರೂಢ ಮಠಕ್ಕೆ ಹೋಗಿ ಬರುತ್ತಿದ್ದರು, ಇನ್ನೊಬ್ಬರು ತವರಿಗೆ, ಮತ್ತೊಬ್ಬರು ಮಗಳ ಸೀರೆಗೆ ಫಾಲ್ ತರಲು ಜವಳಿ ಸಾಲಿಗೆ. ಎಲ್ಲರ ಹತ್ತಿರವೂ ಒಂದು ಗಟ್ಟಿ ಕಾರಣ. "ಸುಮ್ನ ತಿರುಗಾಡಾಕ ಹೊಂಟೀನ್ರಿ" ಎಂದವರು ಒಬ್ಬರೂ ಇಲ್ಲ. ನಾವೂ ಹೇಳಲಿಲ್ಲ ಬಿಡಿ! ಬಸ್ಸು ಪುಕ್ಕಟೆ ಆಯಿತು. ಹೊಸ್ತಿಲು ದಾಟಲು ಮಾತ್ರ ಇನ್ನೂ ಕಾರಣದ ಟಿಕೆಟ್ ತೆಗೆಯಬೇಕು.

ವಿದ್ಯಾನಗರದ ಕಡೆಯ ಆ ಪುಟ್ಟ ಅಂಗಡಿ ತುಂಬ ಕಾಲೇಜು ಹುಡುಗ ಹುಡುಗಿಯರು. ಮೂರು ಸೀರೆಗಳು ಒಳಗೆ ಹೊಕ್ಕಾಗ ಎರಡು ಕ್ಷಣ ಎಲ್ಲರೂ ತಿರುಗಿ ನೋಡಿದರು. ಆಮೇಲೆ ತಮ್ಮ ತಮ್ಮ ಮೊಬೈಲ್ ನೋಡಿದರು. ಕೌಂಟರಿನ ಹುಡುಗ ಕೇಳಿದ, "ಯಾವ ಫ್ಲೇವರ್ ಮೇಡಂ? ಸಕ್ಕರೆ ಎಷ್ಟು? ಐಸ್ ಎಷ್ಟು? ಮುತ್ತು ಯಾವುದು?"

ನಾನು ತಕ್ಷಣ ಹೇಳಿದೆ, "ನಮ್ಮ ಮಗಳಿಗೆ ಮಾವಿನ ಹಣ್ಣಿಂದು ಸೇರ್ತೈತಿ."

ಅವನು ನನ್ನ ಹಿಂದೆ ಮುಂದೆ ನೋಡಿ, "ಮಗಳು ಬಂದಾರೇನ್ರೀ?" ಎಂದ.

ಮಗಳು ಬಂದಿರಲಿಲ್ಲ. ಕುಡಿಯುವವಳು ನಾನು. ನನಗೆ ಏನು ಸೇರುತ್ತದೆ? ಗಂಡನ ಚಹಾಕ್ಕೆ ಒಂದೂವರೆ ಚಮಚ ಸಕ್ಕರೆ, ಅತ್ತೆಯದು ಸಪ್ಪೆ, ಮಗಳಿಗೆ ಹಾಲು ಕೆನೆ ಇಲ್ಲದೆ. ಇದೆಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನನ್ನ ಚಹಾ? ಪಾತೇಲಿಯಲ್ಲಿ ಉಳಿದದ್ದು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ "ನಿಮಗೇನು ಬೇಕು" ಎಂದು ನಾಲ್ಕು ಪ್ರಶ್ನೆ ಒಟ್ಟಿಗೆ ಕೇಳಿದವನು ಆ ಹುಡುಗನೇ ಮೊದಲಿಗ. ಉತ್ತರ ನನ್ನ ಹತ್ತಿರ ಇರಲಿಲ್ಲ. ನಗು ಬಂತು, ಸ್ವಲ್ಪ ಅಳುವೂ ಬಂತು. ಕೊನೆಗೆ "ಹಾಲಿನ ಚಹಾದ್ದ ಕೊಡಪಾ, ಸಕ್ಕರೀ ಅರ್ಧಾ" ಎಂದೆ.

ಬಂದದ್ದು ಎತ್ತರದ ಗ್ಲಾಸು, ಹೆಬ್ಬೆರಳಿನಷ್ಟು ದಪ್ಪ ಸ್ಟ್ರಾ, ತಣ್ಣನೆಯ ಚಹಾ, ತಳದಲ್ಲಿ ಕಪ್ಪು ಮುತ್ತುಗಳು. ಒಮ್ಮೆ ಎಳೆದರೆ ಮುತ್ತು ಬಾಯಿಗೆ ಬಂತು. ಅಗಿದೆ. ಅರೆ, ಇದು ಗೊತ್ತಿರುವ ರುಚಿ! "ಅಕ್ಕಾ, ಇದು ಸಾಬೂದಾಣಿ ಅಲ್ಲೇನ್ರೀ?"

ಹೌದು, ಅದರದೇ ಬಳಗ. ಏಕಾದಶಿಗೆ, ಶಿವರಾತ್ರಿಗೆ ನಾವು ಖಿಚಡಿ ಮಾಡುವ ಸಾಬೂದಾಣಿ ತಯಾರಾಗುವುದು ಮರಗೆಣಸಿನ ಹಿಟ್ಟಿನಿಂದ. ತಮಿಳುನಾಡಿನ ಸೇಲಂ ಕಡೆ ಅದರ ದೊಡ್ಡ ಉದ್ಯಮವೇ ಇದೆ. ಬಬಲ್ ಟೀ ಮುತ್ತೂ ಅದೇ ಮರಗೆಣಸಿನ ಪಿಷ್ಟದ್ದು. ಬೆಲ್ಲದಂಥ ಕಂದು ಸಕ್ಕರೆ ಬೆರೆಯುವುದರಿಂದ ಬಣ್ಣ ಕಪ್ಪಾಗುತ್ತದೆ. ಈ ಪಾನೀಯ ಹುಟ್ಟಿದ್ದು 1980ರ ದಶಕದಲ್ಲಿ, ತೈವಾನ್ ದೇಶದಲ್ಲಿ. ತೈಚುಂಗ್ ಊರಿನ ಒಂದು ಚಹಾ ಅಂಗಡಿ, ತೈನಾನ್ ಊರಿನ ಇನ್ನೊಂದು ಅಂಗಡಿ, ಇಬ್ಬರೂ "ನಾವೇ ಮೊದಲು ಮಾಡಿದ್ದು" ಎಂದು ಹತ್ತು ವರ್ಷ ಕೋರ್ಟಿನಲ್ಲಿ ಜಗಳಾಡಿದರು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು, ಹಾಗಾಗಿ ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವೇ ಇಲ್ಲ ಎಂದು 2019ರಲ್ಲಿ ಪ್ರಕರಣ ಮುಗಿಯಿತು. ನಮ್ಮ ಉಪವಾಸದ ಸಾಮಾನು ಅಷ್ಟು ದೂರ ಹೋಗಿ ಕೋರ್ಟು ಹತ್ತಿ, ಫ್ಯಾಷನ್ ಆಗಿ ಹುಬ್ಬಳ್ಳಿಗೆ ಬಂದಿದೆ!

ಅಲ್ಲಿಂದ ನಾಲ್ಕು ಹೆಜ್ಜೆಗೆ ಜಪಾನಿ ತಿನಿಸು ಕೊಡುವ ಕೆಫೆ. ಬೆಂಗಳೂರಿಗೆ ಇದು ಹೊಸದಲ್ಲ. ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರು ತಯಾರಿಸತೊಡಗಿದ ಮೇಲೆ ಜಪಾನಿನ ಕುಟುಂಬಗಳು ಬಂದವು, ಅವರ ಹಿಂದೆ ಅವರ ಊಟವೂ ಬಂತು. ನಮಗೆ ಮಾತ್ರ ಇದೇ ಮೊದಲು. ಸುಶಿ ಅಂದರೆ ಹಸಿ ಮೀನು ಎಂದೇ ನಾನು ತಿಳಿದಿದ್ದೆ. ತಪ್ಪು. ಸುಶಿಗೆ ಮುಖ್ಯವಾದದ್ದು ವಿನೆಗರ್ ಬೆರೆಸಿದ ಅಂಟು ಅನ್ನ. ಒಳಗೆ ಮೀನೇ ಇರಬೇಕೆಂದಿಲ್ಲ. ಬರೀ ಸೌತೆಕಾಯಿ ಇಟ್ಟು, ಸಮುದ್ರದ ಪಾಚಿಯ ಹಾಳೆಯಲ್ಲಿ ಸುತ್ತಿದ್ದಕ್ಕೆ ಕಪ್ಪಾ ಮಾಕಿ ಅನ್ನುತ್ತಾರೆ. ಲಿಂಬೆಹುಳಿಯ ಚಿತ್ರಾನ್ನ, ಮೊಸರನ್ನ ತಿಂದು ಬೆಳೆದ ನಮಗೆ ಹುಳಿ ಅನ್ನವೇನು ಹೊಸದೇ?

ಬ್ಲೌಸ್ ಗೆಳತಿ ಎರಡು ಕಡ್ಡಿಯಲ್ಲಿ ಹಿಡಿಯಲು ಹೋಗಿ ಸುಶಿ ಅಕ್ಕನ ಮಡಿಲಿಗೆ ಬಿತ್ತು. ಆಮೇಲೆ ಕೈಯಿಂದಲೇ ತಿಂದೆವು. ಜಪಾನಿನಲ್ಲೂ ಸುಶಿಯನ್ನು ಕೈಯಿಂದ ತಿನ್ನುವುದು ತಪ್ಪಲ್ಲ. ತಾಟಿನ ಮೂಲೆಯ ಹಸಿರು ಮುದ್ದೆಯನ್ನು ಪುದೀನಾ ಚಟ್ನಿ ಎಂದುಕೊಂಡು ನಾನು ಬೆರಳಿಗೆ ಹಚ್ಚಿ ನೆಕ್ಕಿದೆ. ಅದು ವಸಾಬಿ. ಖಾರ ನಾಲಿಗೆಗೆ ಹತ್ತುವುದಿಲ್ಲ, ಸೀದಾ ಮೂಗಿಗೇ ಹತ್ತುತ್ತದೆ! ಬ್ಯಾಡಗಿ ಮೆಣಸಿನಕಾಯಿ ಊರಿನವರೆಂಬ ನಮ್ಮ ಜಂಬ ಅರ್ಧ ನಿಮಿಷದಲ್ಲಿ ಇಳಿಯಿತು. ನಾವು ಮೂವರೂ ಕಣ್ಣೀರು ಬರುವ ತನಕ ನಕ್ಕೆವು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

"ದುರ್ಗದ ಬೈಲಿನಾಗ ಗಿರ್ಮಿಟ್ ಮಿರ್ಚಿ ಬಿಟ್ಟು ಇದ್ಯಾಕ ಬೇಕಿತ್ತು?" ಎಂದು ನೀವು ಕೇಳಬಹುದು. ಗಿರ್ಮಿಟ್ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಗಿರ್ಮಿಟ್ ಬಾಯಿಗಿಟ್ಟ ಕೂಡಲೇ ನನ್ನೊಳಗಿನ ಅಡುಗೆಯವಳು ಏಳುತ್ತಾಳೆ. ಉಳ್ಳಾಗಡ್ಡಿ ಇನ್ನೂ ಸಣ್ಣಗೆ ಹೆಚ್ಚಬೇಕಿತ್ತು, ಹುಣಸೆಹುಳಿ ಹೆಚ್ಚಾಯಿತು, ಮನೆಯಲ್ಲಿ ಇದರ ಅರ್ಧ ಖರ್ಚಿನಲ್ಲಿ ಆಗುತ್ತಿತ್ತು... ಸುಶಿ ಮುಂದೆ ಅವಳು ಬಾಯಿ ಮುಚ್ಚಿದಳು. ನನಗೆ ಮಾಡಲು ಬರದ, ಹೇಗೆ ಮಾಡುತ್ತಾರೆಂದು ಗೊತ್ತಿಲ್ಲದ ಊಟ. ಅದರ ಮುಂದೆ ನಾನು ಬರೀ ಅತಿಥಿ. ಹೋಗಿ ಪಡೆದದ್ದು ಅದನ್ನೇ.

ಬಿಲ್ಲು ಬಂತು. ಚಹಾ, ತಿನಿಸು ಎಲ್ಲ ಸೇರಿ ತಲಾ 430 ರೂಪಾಯಿ. ಎದೆ ಧಸಕ್ಕೆಂದಿತು, ಸುಳ್ಳೇಕೆ ಹೇಳಲಿ? ಎಷ್ಟು ದಿನದ ಹಾಲು, ಎಷ್ಟು ಕಿಲೋ ತೊಗರಿಬೇಳೆ ಎಂದು ತಲೆ ತಾನಾಗಿ ಲೆಕ್ಕ ಹಾಕಿತು. ಆಮೇಲೆ ಇನ್ನೊಂದು ಲೆಕ್ಕವೂ ನೆನಪಾಯಿತು. ನಮ್ಮ ಮನೆಯವರು ಗೆಳೆಯರೊಂದಿಗೆ ದಿನಾ ಸಂಜೆ ಕುಡಿಯುವ ಚಹಾ, ತಿನ್ನುವ ಮಿರ್ಚಿಯ ಖರ್ಚನ್ನು ಯಾರಾದರೂ ಬೇಳೆಗೆ ಹೋಲಿಸಿದ್ದೇವೆಯೇ? ಇಲ್ಲ. ದುಡಿದು ಬಂದವರಿಗೆ ಅಷ್ಟೂ ಬೇಡವೇ ಎನ್ನುತ್ತೇವೆ. ಸರಿ. ಹಾಗಾದರೆ ನಾವು ಮಾಡುವುದೇನು? ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆ ಅದರ ಮೇಲೆ ಬೇರೆ. ನಮ್ಮೂರಿನ ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರ ಕೆಲಸಕ್ಕೆ ಬೆಲೆ ಇದೆ. ಅದೇ ರೊಟ್ಟಿಯನ್ನು ಮನೆಯಲ್ಲಿ ಬಡಿದರೆ "ನೀನು ಮನ್ಯಾಗ ಇರ್ತೀ" ಎಂಬ ಮಾತು!

ಜಪಾನಿನವರ ಒಂದು ಪದ್ಧತಿ ಹೇಳುತ್ತೇನೆ ಕೇಳಿ. ಊಟ ಮುಗಿದ ಮೇಲೆ ಅವರು "ಗೊಚಿಸೋಸಾಮಾ" ಎನ್ನುತ್ತಾರೆ. ಆ ಪದದೊಳಗೆ ಓಡಾಟ ಎಂಬ ಅರ್ಥವಿದೆ. ಈ ಊಟಕ್ಕಾಗಿ ನೀವು ಎಷ್ಟೆಲ್ಲ ಓಡಾಡಿದಿರಿ, ಉಪಕಾರವಾಯಿತು ಎಂಬ ಭಾವ. ನಮ್ಮಲ್ಲಿ ಊಟ ಮುಗಿದರೆ "ನೀರು ಕೊಡು" ಎನ್ನುತ್ತಾರೆ. ಅಡುಗೆ ಬಗ್ಗೆ ಮಾತು ಬರುವುದು ಉಪ್ಪು ಹೆಚ್ಚಾದ ದಿನ ಮಾತ್ರ.

ಮನೆಗೆ ಬಂದಾಗ ಮೂರು ಗಂಟೆ. ಮಗಳ ಶಾಲೆ ಬಿಟ್ಟಿರಲಿಲ್ಲ. ಆಕಾಶವೇನೂ ಬಿದ್ದಿರಲಿಲ್ಲ. ಆದರೆ ಬ್ಯಾಂಕಿನ ಸುಳ್ಳು ಗಂಟಲಲ್ಲಿ ಕುಳಿತಿತ್ತು. ಚಹಾ ಕೊಡುವಾಗ ಅತ್ತೆಗೆ ಹೇಳಿಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸುಳ್ಳ್ಯಾಕ ಹೇಳಿದಿ? ನಾ ಬ್ಯಾಡ ಅಂತಿದ್ನೇನು?" ಎಂದರು. ನಾನು ಮಾತಾಡಲಿಲ್ಲ. ಆಮೇಲೆ ಅವರೇ, "ಅಂತಿದ್ನೇನೋ. ಮನ್ಯಾಗ ಏನ್ ಕಡಿಮಿ ಆಗೇತಿ ಅಂತಿದ್ದೆ. ನಮ್ಮತ್ತಿ ನನಗ ಅದನ್ನ ಅಂತಿದ್ರು" ಎಂದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ರುಚಿ ಹೆಂಗಿತ್ತು?"

ನನ್ನ ಮಾತು ಇಷ್ಟೇ. ತಿಂಗಳಿಗೊಮ್ಮೆ ಆಗದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ಒಂದು ಹೊತ್ತು ನಮ್ಮದಾಗಲಿ. ಜಪಾನಿ ಊಟವೇ ಆಗಬೇಕೆಂದಿಲ್ಲ. ಕೈ ಬಿಗಿ ಇದ್ದರೆ ಉಣಕಲ್ ಕೆರೆ ದಂಡೆಯಲ್ಲಿ ಕುಳಿತು ಹುರಿದ ಶೇಂಗಾ ತಿನ್ನಿ. ಆದರೆ ಸುಳ್ಳು ಹೇಳಿ ಹೋಗಬೇಡಿ. "ಗೆಳತ್ಯಾರ ಜೋಡಿ ತಿನ್ನಾಕ ಹೊಂಟೀನಿ" ಎಂದು ಹೇಳಿಯೇ ಹೋಗಿ. ಸುಳ್ಳು ಹೇಳಿದಷ್ಟು ದಿನ ಅದು ತಪ್ಪೆಂದು ನಾವೇ ಒಪ್ಪಿಕೊಂಡಂತೆ. ನಮ್ಮ ಹೆಣ್ಣುಮಕ್ಕಳು ಕಲಿಯುವುದೂ ಅದನ್ನೇ.

ಹೊರಡುವ ಗೆಳತಿಯರಿಗೆ ನಾಲ್ಕು ಕಿವಿಮಾತು

* ಖರ್ಚು ಮೊದಲೇ ಮಾತಾಡಿಕೊಳ್ಳಿ, ತಮ್ಮ ತಮ್ಮ ಪಾಲು ತಾವೇ ಕೊಡಿ. ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇದಕ್ಕೆಂದೇ ಇನ್ನೊಂದು ಡಬ್ಬಿ ಇಟ್ಟು ವಾರಕ್ಕೆ ಇಷ್ಟು ಎಂದು ಹಾಕುತ್ತ ಬನ್ನಿ.

* ಬಬಲ್ ಟೀಯಲ್ಲಿ ಸಕ್ಕರೆ ಬಹಳ, ಮುತ್ತು ಕೂಡ ಪಿಷ್ಟವೇ. ಸಕ್ಕರೆ ಕಡಿಮೆ ಮಾಡಲು ಹೇಳಿ. ಮಧುಮೇಹ ಇದ್ದವರಿಗೆ ಇದು ಹೇಳಿಸಿದ್ದಲ್ಲ. ಮುತ್ತನ್ನು ನುಂಗಬೇಡಿ, ಚೆನ್ನಾಗಿ ಅಗಿಯಿರಿ. ಸಣ್ಣ ಮಕ್ಕಳಿಗೆ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

* ಸಸ್ಯಾಹಾರಿಗಳು ಬರೀ "ವೆಜ್" ಎಂದು ಸುಮ್ಮನಾಗಬೇಡಿ. ಮಿಸೋ ಸೂಪಿನ ಮಿಸೋ ಸೋಯಾಕಾಳಿನದಾದರೂ ಅದರ ನೀರು ಸಾಮಾನ್ಯವಾಗಿ ಮೀನು ಕುದಿಸಿದ್ದು. ಮೆಯೊನೀಸ್‌ನಲ್ಲಿ ಮೊಟ್ಟೆ ಇರಬಹುದು. ಕೇಳಿ ತಿನ್ನಿ, ಕೇಳಲು ಸಂಕೋಚ ಬೇಡ.

* ಬಿಪಿ ಇದ್ದವರು ಸೋಯಾ ಸಾಸ್ ತುಸುವೇ ಮುಟ್ಟಿಸಿಕೊಳ್ಳಿ, ಅದರಲ್ಲಿ ಉಪ್ಪು ಜಾಸ್ತಿ. ಬಸುರಿಯರಿಗೆ ಹಸಿ ಮೀನು ಬೇಡ. ವಸಾಬಿ? ಸಾಸಿವೆ ಕಾಳಿನಷ್ಟು ಸಾಕು. ಅನುಭವದ ಮಾತು!

ಮುಂದಿನ ಸಲ ಅತ್ತೆಯೂ ಬರುತ್ತಾರಂತೆ. ಸುಶಿ ತಿನ್ನುವುದಿಲ್ಲವಂತೆ, ಸಾಬೂದಾಣಿ ಚಹಾ ಮಾತ್ರ. ಅದೂ ಸಕ್ಕರೆ ಇಲ್ಲದೆ. ಅವರಿಗೆ ಏನು ಬೇಕೆಂದು ಆ ಹುಡುಗ ಕೇಳಿದಾಗ ಉತ್ತರ ಅವರೇ ಕೊಡಲಿ. ನಾನು ನಡುವೆ ಬಾಯಿ ಹಾಕುವುದಿಲ್ಲ.