ಬಿಲಿಯನ್: ಒಂದು ಹೆಸರು, ಎರಡು ಸಂಖ್ಯೆ

ಸಂಖ್ಯಾವಾಚಕಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂಬುದು ಸಾಮಾನ್ಯ ನಂಬಿಕೆ. ಹತ್ತು ಎಂದರೆ ಹತ್ತೇ. ಯಾರ ಬಾಯಿಂದ ಬಂದರೂ ಅದು ಹನ್ನೊಂದಾಗದು. ಆದರೆ ಇಂಗ್ಲಿಷಿನ 'ಬಿಲಿಯನ್' ಶಬ್ದ ಈ ನಂಬಿಕೆಗೆ ಅಪವಾದ. ಬಹುಕಾಲದವರೆಗೆ ಅದು ಅಮೆರಿಕದಲ್ಲಿ ನೂರು ಕೋಟಿ, ಇಂಗ್ಲೆಂಡಿನಲ್ಲಿ ಲಕ್ಷ ಕೋಟಿ! ಒಂದೇ ಭಾಷೆ, ಒಂದೇ ಶಬ್ದ. ಅರ್ಥದಲ್ಲಿ ಮಾತ್ರ ಸಾವಿರ ಪಟ್ಟು ಅಂತರ.

ಈ ಗೊಂದಲದ ಬೇರು 'ಮಿಲಿಯನ್' ಶಬ್ದದಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ 'ಮಿಲ್ಲೆ' ಎಂದರೆ ಸಾವಿರ. ಇಟಲಿಯವರು ಅದಕ್ಕೆ ಹಿರಿತನವನ್ನು ಸೂಚಿಸುವ ಪ್ರತ್ಯಯವನ್ನು ಹಚ್ಚಿ 'ದೊಡ್ಡ ಸಾವಿರ' ಎಂಬ ಹೊಸ ಶಬ್ದವನ್ನು ಕಟ್ಟಿದರು. ಸಾವಿರದ ಸಾವಿರ, ಎಂದರೆ ಹತ್ತು ಲಕ್ಷ, ಮಿಲಿಯನ್ ಆಯಿತು.

ಅದಕ್ಕೂ ಮಿಗಿಲಾದ ಸಂಖ್ಯೆಗಳಿಗೆ ಹೆಸರು ಬೇಡವೆ? ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ 1484ರಲ್ಲಿ ಬರೆದ ಗ್ರಂಥದಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ಕ್ರಮ ಕಾಣುತ್ತದೆ. 'ಬಿ' ಎಂದರೆ ಎರಡು, 'ಟ್ರಿ' ಎಂದರೆ ಮೂರು. ಎರಡು ಮಿಲಿಯನ್‌ಗಳ ಗುಣಲಬ್ಧ ಬಿಲಿಯನ್, ಮೂರರದು ಟ್ರಿಲಿಯನ್. ಮಿಲಿಯನ್ನಿಗೆ ಆರು ಸೊನ್ನೆ, ಬಿಲಿಯನ್ನಿಗೆ ಹನ್ನೆರಡು, ಟ್ರಿಲಿಯನ್ನಿಗೆ ಹದಿನೆಂಟು. ಹೆಸರನ್ನು ಕೇಳಿದೊಡನೆ ಲೆಕ್ಕ ತಿಳಿಯುವಂತಹ ಏರ್ಪಾಡು!

ಆದರೆ ಈ ಏರ್ಪಾಡು ಸ್ಥಿರವಾಗಿ ಉಳಿಯಲಿಲ್ಲ. ಅಂಕಿಗಳನ್ನು ಆರಾರಾಗಿ ವಿಂಗಡಿಸುವ ಬದಲು ಮೂರುಮೂರಾಗಿ ವಿಂಗಡಿಸುವ ರೂಢಿ ಫ್ರಾನ್ಸಿನಲ್ಲಿ ಬೆಳೆದಾಗ, ಪ್ರತಿಯೊಂದು ಗುಂಪಿಗೂ ಹೊಸ ಹೆಸರು ಬೇಕಾಯಿತು. ಸಾವಿರ ಮಿಲಿಯನ್ನೇ ಬಿಲಿಯನ್ ಎನಿಸಿಕೊಂಡಿತು. ಅಮೆರಿಕ ಇದನ್ನೇ ಸ್ವೀಕರಿಸಿತು. ಇಂಗ್ಲೆಂಡು ಹಳೆಯದನ್ನು ಬಿಡಲಿಲ್ಲ. ವಿನೋದವೆಂದರೆ, ಫ್ರಾನ್ಸೇ 1961ರಲ್ಲಿ ಅಧಿಕೃತವಾಗಿ ಹಳೆಯ ಪದ್ಧತಿಗೆ ಮರಳಿತು.

ಈ ಅಂತರ ಎಷ್ಟೆಂಬುದನ್ನು ಗಡಿಯಾರದಿಂದ ಅರಿಯಬಹುದು. ಒಂದು ಮಿಲಿಯನ್ ಸೆಕೆಂಡು ಕಳೆಯಲು ಸುಮಾರು ಹನ್ನೊಂದೂವರೆ ದಿನ ಸಾಕು. ನೂರು ಕೋಟಿ ಸೆಕೆಂಡಿಗೆ ಸುಮಾರು 32 ವರ್ಷ ಬೇಕು. ಲಕ್ಷ ಕೋಟಿ ಸೆಕೆಂಡಿಗೋ, ಸುಮಾರು 32,000 ವರ್ಷ! ಒಂದು ಮನುಷ್ಯನ ಅರ್ಧ ಆಯುಷ್ಯ. ಇನ್ನೊಂದು ಲಿಖಿತ ಚರಿತ್ರೆಗೂ ನಿಲುಕದ ಕಾಲ. ದೇಶದ ಸಾಲವನ್ನೋ ಆಯವ್ಯಯವನ್ನೋ ಹೇಳುವಾಗ ಇಂತಹ ಶಬ್ದ ಎರಡರ್ಥ ಕೊಟ್ಟರೆ ಗತಿಯೇನು?

ಕೊನೆಗೆ 1974ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸಂಸತ್ತಿನಲ್ಲಿ ಬಂದ ಪ್ರಶ್ನೆಗೆ ಉತ್ತರವಾಗಿ, ತಮ್ಮ ಸರಕಾರದ ಮಂತ್ರಿಗಳು ಸಾವಿರ ಮಿಲಿಯನ್ ಎಂಬ ಅರ್ಥದಲ್ಲಿಯೇ ಈ ಶಬ್ದವನ್ನು ಬಳಸುವರೆಂದು ಸ್ಪಷ್ಟಪಡಿಸಿದರು. ಇಂದು ಇಂಗ್ಲಿಷಿನಲ್ಲಿ ಬಿಲಿಯನ್ ಎಂದರೆ ನೂರು ಕೋಟಿಯೇ. 2000ದಲ್ಲಿ ಭಾರತದ ಜನಸಂಖ್ಯೆ ಒಂದು ಬಿಲಿಯನ್ ತಲುಪಿತೆಂದು ಇಂಗ್ಲಿಷಿನಲ್ಲಿ ಹೇಳಿದ್ದು ಈ ಅರ್ಥದಲ್ಲಿಯೇ.

ಆದರೂ ಎಚ್ಚರಿಕೆ ತಪ್ಪಿದ್ದಲ್ಲ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ನೂರು ಕೋಟಿಗೆ 'ಮಿಲಿಯಾರ್ಡ್' ಎಂಬರ್ಥದ ಬೇರೆ ಶಬ್ದವಿದ್ದು, ಬಿಲಿಯನ್ ಅಲ್ಲಿ ಇಂದಿಗೂ ಲಕ್ಷ ಕೋಟಿ. ಇಂಗ್ಲೆಂಡಿನ ಹಳೆಯ ಪುಸ್ತಕಗಳಲ್ಲಿಯೂ ಅದೇ ಅರ್ಥವಿದ್ದೀತು. ಅವುಗಳನ್ನು ಕನ್ನಡಕ್ಕೆ ತರುವವರು ಶಬ್ದವನ್ನು ನಂಬುವ ಮೊದಲು ಸೊನ್ನೆಗಳನ್ನು ಎಣಿಸಿ, ಕೋಟಿಯ ಲೆಕ್ಕದಲ್ಲಿ ಬರೆಯುವುದು ಕ್ಷೇಮ.